ಶಿಡ್ಲಘಟ್ಟ: ಜನಗಣತಿಗೆ ಕಾಣದ ಕೈಗಳು

ಚಿಂತಾಮಣಿ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಶಿಡ್ಲಘಟ್ಟ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಡಿಯುತ್ತದೆ. ಅದು ಬೆಂದ ರೇಷ್ಮೆಗೂಡಿನ ವಾಸನೆ. ಹೊಸಬರು ಕರವಸ್ತ್ರ ಹುಡುಕುತ್ತಾರೆ. ಊರಿನವರಿಗೆ ಅದು ತಿಳಿಯುವುದೇ ಇಲ್ಲ. ಆ ವಾಸನೆ ಬರುತ್ತಿದೆ ಎಂದರೆ ಭಟ್ಟಿ ಉರಿಯುತ್ತಿದೆ, ಭಟ್ಟಿ ಉರಿಯುತ್ತಿದೆ ಎಂದರೆ ಸಂಜೆ ಒಲೆಯೂ ಉರಿಯುತ್ತದೆ ಎಂದು ಅರ್ಥ.

ನನ್ನ ಖಾಲಾ ಒಬ್ಬರು ಈ ಊರಿಗೆ ಸೊಸೆಯಾಗಿ ಬಂದವರು. ಉರ್ದು ಶಾಲೆಯ ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಹಿತ್ತಲಿನ ತಗಡಿನ ಚಪ್ಪರದಡಿ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ನೂಲು ತೆಗೆಯುತ್ತಿದ್ದರು. ಅವರ ಬೆರಳ ತುದಿಗಳು ಯಾವಾಗಲೂ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. 1991ರಲ್ಲಿ ಜನಗಣತಿಯವರು ಬಂದಾಗ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವರು ಮನೆಯ ಗಂಡಸರು. ‘ಹೆಂಗಸರು ಏನು ಕೆಲಸ ಮಾಡುತ್ತಾರೆ?’ ಎಂಬ ಪ್ರಶ್ನೆಗೆ ‘ಏನೂ ಇಲ್ಲ, ಮನೆಯಲ್ಲೇ ಇರುತ್ತಾರೆ’ ಎಂಬ ಉತ್ತರ ಹೋಯಿತು. ಆಗ ನನಗೆ ಹನ್ನೊಂದು ವರ್ಷ. ಆ ಉತ್ತರದಲ್ಲಿ ತಪ್ಪಿದೆ ಎಂದು ನನಗೂ ಅನ್ನಿಸಲಿಲ್ಲ, ಖಾಲಾಗೂ ಅನ್ನಿಸಿರಲಿಕ್ಕಿಲ್ಲ.

ಒಂದು ಸಣ್ಣ ಊರಿನ ಇತಿಹಾಸ ಮತ್ತು ಜನಸಂಖ್ಯೆಯ ಬಗ್ಗೆ ಬರೆಯಲು ಕುಳಿತಾಗ ನನಗೆ ಮೊದಲು ನೆನಪಾದದ್ದು ಆ ಉತ್ತರ. ಊರಿನ ಇತಿಹಾಸ ಪುಸ್ತಕಗಳಲ್ಲಿದೆ, ಜನಸಂಖ್ಯೆ ಸರಕಾರದ ಕೋಷ್ಟಕಗಳಲ್ಲಿದೆ. ಆದರೆ ಊರನ್ನು ಕಟ್ಟಿದ ಕೈಗಳು ಎರಡರಲ್ಲೂ ಸರಿಯಾಗಿ ಸಿಗುವುದಿಲ್ಲ.

ಪಾಳೆಗಾರರ ಲೆಕ್ಕ

ಈ ಸೀಮೆಯ ಊರುಗಳ ಕತೆ ಸಾಮಾನ್ಯವಾಗಿ ಆವತಿ ನಾಡಿನ ಪ್ರಭುಗಳಿಂದ ಶುರುವಾಗುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರಗಳನ್ನು ಆಳಿದ ಮನೆತನಗಳು ತಮ್ಮ ಮೂಲವನ್ನು ಆವತಿಗೆ ಬಂದು ನೆಲೆಸಿದ ಮೊರಸು ಒಕ್ಕಲಿಗ ಸಹೋದರರಿಗೆ ಜೋಡಿಸುತ್ತವೆ. ಚಿಂತಾಮಣಿಗೆ ಹೆಸರು ಬಂದದ್ದು ಚಿಂತಾಮಣಿರಾವ್ ಎಂಬ ಮರಾಠಾ ಸರದಾರನಿಂದ. ಶಿಡ್ಲಘಟ್ಟದ ಬಗ್ಗೆ ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುವುದು ನಾಲ್ಕೇ ಸಾಲು: ಸುಮಾರು 1524ರಲ್ಲಿ ಒಬ್ಬ ದಂಡಾಳು ನಾಯಕ ಈ ಊರನ್ನು ಕಟ್ಟಿದ, 87 ವರ್ಷ ಅದು ಅವನ ವಂಶದವರ ಕೈಯಲ್ಲಿತ್ತು, ಬಳಿಕ 45 ವರ್ಷ ಮರಾಠರು ಆಳಿದರು, ಮೊಗಲರು ಹಿಡಿದು ಮತ್ತೆ ಮರಾಠರಿಗೇ ಬಿಟ್ಟುಕೊಟ್ಟರು, ಅವರು ಚಿಕ್ಕಬಳ್ಳಾಪುರದ ಪಾಳೆಗಾರನಿಗೆ ಮಾರಿದರು.

ಈ ಲೆಕ್ಕವನ್ನು ಕೂಡಿಸಿ ನೋಡಿದರೆ ಒಂದು ತೊಡಕು ಎದುರಾಗುತ್ತದೆ. 1524ಕ್ಕೆ 87 ಸೇರಿಸಿದರೆ 1611. ಆದರೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಜೊತೆ ಶಹಾಜಿ ಭೋಂಸ್ಲೆ ಈ ಕಡೆಗೆ ಬಂದು ಬೆಂಗಳೂರು ಹಿಡಿದದ್ದು 1638ರ ಸುಮಾರಿಗೆ. ಅದಕ್ಕಿಂತ ಕಾಲು ಶತಮಾನ ಮೊದಲೇ ಇಲ್ಲಿ ಮರಾಠರ ಆಳ್ವಿಕೆ ಇತ್ತೆಂದು ನಂಬುವುದು ಕಷ್ಟ. ಸ್ಥಳೀಯರ ಬಾಯಲ್ಲಿದ್ದ ಕತೆಗಳನ್ನು ಸಾಹೇಬರು ಇಸವಿಗಳಿಗೆ ಹೊಂದಿಸಿ ಬರೆದುಕೊಂಡಿರಬೇಕು. ಆದರೂ ನಂತರ ಬಂದ ಕೈಪಿಡಿಗಳು ಈ ಮಾತುಗಳನ್ನೇ ಅಚ್ಚು ಹಾಕುತ್ತಾ ಬಂದಿವೆ.

ಇದರಾಚೆಗಿನ ಸಂಗತಿಗಳು ಹೆಚ್ಚು ಖಚಿತವಾಗಿವೆ. 1687ರಲ್ಲಿ ಮೊಗಲರು ಶಿರಾವನ್ನು ಕೇಂದ್ರವಾಗಿಸಿಕೊಂಡು ಒಂದು ಸುಬಾ ರಚಿಸಿದಾಗ ಕೋಲಾರ ಅದರ ಏಳು ಪರಗಣಗಳಲ್ಲಿ ಒಂದಾಯಿತು. ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ಶಿರಾದ ಸುಬೇದಾರರ ಸೇವೆಯಲ್ಲಿದ್ದ. ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆಯ ಸಮಾಧಿ ಇಂದಿಗೂ ಕೋಲಾರದಲ್ಲಿದೆ. 1762ರಲ್ಲಿ ಹೈದರ್ ಚಿಕ್ಕಬಳ್ಳಾಪುರವನ್ನು ಗೆದ್ದ. 1791ರ ಅಕ್ಟೋಬರಿನಲ್ಲಿ ನಂದಿಯ ಕೋಟೆ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದ.

ಕೋಟೆಗಳ ಈ ಕತೆ ಅಲ್ಲಿಗೆ ಮುಗಿಯುತ್ತದೆ. ಆದರೆ ಇಂದಿನ ಶಿಡ್ಲಘಟ್ಟವನ್ನು ಕಟ್ಟಿದ್ದು ಈ ಯಾವ ಯುದ್ಧವೂ ಅಲ್ಲ, ಒಂದು ಹುಳು.

ಹುಳು ಬಂದ ದಾರಿ

ರೇಷ್ಮೆ ಬಟ್ಟೆ ದಖ್ಖನಿಗೆ ಹೊಸದಲ್ಲ. ನೇಕಾರರು ಹೊರಗಿನಿಂದ ನೂಲು ತರಿಸಿ ನೇಯುತ್ತಿದ್ದರು. ಹುಳುವನ್ನು ಇಲ್ಲೇ ಸಾಕಿ ನೂಲು ತೆಗೆಯಬೇಕೆಂದು ರಾಜ್ಯದ ಮಟ್ಟದಲ್ಲಿ ಪ್ರಯತ್ನಿಸಿದವನು ಟಿಪ್ಪು. ಇದು ಬರೀ ಜನಪದ ನಂಬಿಕೆಯಲ್ಲ. ಅವನ ಪತ್ರಗಳಲ್ಲೇ ಪುರಾವೆ ಇದೆ. 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಒಂದು ಪತ್ರದಲ್ಲಿ, ರೇಷ್ಮೆಹುಳು ತರಲು ಬಂಗಾಳಕ್ಕೆ ಕಳಿಸಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬ ಇಬ್ಬರು ಹಿಂದಿರುಗುತ್ತಿದ್ದಾರೆ, ಹುಳು ಇಡಲು ತಕ್ಕ ಜಾಗ ಸಿದ್ಧಪಡಿಸು ಎಂಬ ಸೂಚನೆ ಇದೆ. ಮಸ್ಕತ್‌ನಲ್ಲಿದ್ದ ತನ್ನ ಪ್ರತಿನಿಧಿಗೂ ಹುಳುಗಳ ಬಗ್ಗೆ, ಅವನ್ನು ಸಾಕಬಲ್ಲ ಜನರ ಬಗ್ಗೆ ಅವನು ಬರೆದಿದ್ದ.

ಆ ಎರಡು ಹೆಸರುಗಳನ್ನು ಓದಿದಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ. ಒಬ್ಬ ಬುರ್ಹಾನುದ್ದೀನ್, ಒಬ್ಬ ಕಸ್ತೂರಿರಂಗ. ಮೈಸೂರು ಸೀಮೆಯ ರೇಷ್ಮೆ ಈ ಇಬ್ಬರ ಜೊತೆ ಪ್ರಯಾಣ ಮಾಡಿ ಬಂದದ್ದು.

ಟಿಪ್ಪುವಿನ ಪತನದ ನಂತರ ರಾಜಾಶ್ರಯ ತಪ್ಪಿದರೂ ಕಸುಬು ಸಾಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ವರದಿಗಳು ಮೈಸೂರು ಸಂಸ್ಥಾನದಲ್ಲಿ ಹಿಪ್ಪುನೇರಳೆ ಬೆಳೆಯುವ ಸೀಮೆಗಳನ್ನು ಹೆಸರಿಸುವಾಗ ಶಿಡ್ಲಘಟ್ಟವನ್ನೂ ಸೇರಿಸುತ್ತವೆ. ಆಗ ಹುಳು ಸಾಕುತ್ತಿದ್ದವರು ಬಹುಮಟ್ಟಿಗೆ ಮುಸ್ಲಿಮರೇ. ಜೀವವಿರುವ ಹುಳುವನ್ನು ಕುದಿಯುವ ನೀರಿಗೆ ಹಾಕಲು ಇತರರು ಹಿಂಜರಿಯುತ್ತಿದ್ದುದು ಅದಕ್ಕೆ ಒಂದು ಕಾರಣ. 1799ರ ನಂತರ ಸೈನ್ಯದ ಸಂಬಳ ಕಳೆದುಕೊಂಡ ಕುಟುಂಬಗಳಿಗೆ, ಜಮೀನು ಬೇಡದ, ಮನೆಯಲ್ಲೇ ಕುಳಿತು ಮಾಡಬಹುದಾದ ಇಂಥ ಕಸುಬು ಆಸರೆಯಾಗಿದ್ದಿರಬೇಕು ಎಂದು ಊಹಿಸುವುದು ತಪ್ಪಾಗಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಸರಕಾರ ಮತ್ತೆ ಈ ಕಡೆ ನೋಡಿತು. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ರೇಷ್ಮೆ ತೋಟ ಮಾಡಿದ್ದರು. ಮೈಸೂರು ಸರಕಾರ 1910ರ ದಶಕದಲ್ಲಿ ರೇಷ್ಮೆಗೆ ಪ್ರತ್ಯೇಕ ಇಲಾಖೆ ತೆರೆಯಿತು. ಅದೇ ದಶಕದಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೂ ಯಶವಂತಪುರದಿಂದ ಚಿಕ್ಕಬಳ್ಳಾಪುರಕ್ಕೂ ಸಣ್ಣ ಗೇಜಿನ ರೈಲು ಬಂತು. ಇವೆರಡನ್ನು ಜೋಡಿಸಿದ ದಾರಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಟ್ಟಿತು. ಆ ಹಳಿಗಳು ಬ್ರಾಡ್‌ಗೇಜ್ ಆಗಲು 2013ರವರೆಗೆ ಕಾಯಬೇಕಾಯಿತು. ಜಪಾನ್, ಚೀನಾಗಳ ಅಗ್ಗದ ರೇಷ್ಮೆಯಿಂದ ದೇಶಿ ಉದ್ಯಮ ತತ್ತರಿಸಿದಾಗ 1934ರಲ್ಲಿ ಆಮದು ಸುಂಕದ ರಕ್ಷಣೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್‌ಗಳಿಗೆ ರೇಷ್ಮೆ ಬೇಕಾದಾಗ ಬೆಲೆ ಏರಿತು. ಯುದ್ಧ ಮುಗಿದೊಡನೆ ಇಳಿಯಿತು. ದೂರದ ದೇಶದ ತೀರ್ಮಾನವೊಂದು ಈ ಊರಿನ ಒಲೆಯನ್ನು ಉರಿಸುವುದು, ಆರಿಸುವುದು ಆಗಿನಿಂದಲೂ ಇದೆ.

ಎಣಿಕೆ ಏನು ಹೇಳುತ್ತದೆ?

1876-78ರ ಮಹಾಕ್ಷಾಮ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು 50 ಲಕ್ಷದಿಂದ 42 ಲಕ್ಷದ ಆಸುಪಾಸಿಗೆ ಇಳಿಸಿತು. ನದಿ ನೀರಾವರಿಯಿಲ್ಲದೆ ಕೆರೆಗಳನ್ನೇ ನಂಬಿದ್ದ ಕೋಲಾರ ಸೀಮೆ ಬಹಳ ನರಳಿತು. 1898ರಲ್ಲಿ ಪ್ಲೇಗ್ ಬಂತು. ಇವನ್ನು ದಾಟಿ ಬಂದ ಶಿಡ್ಲಘಟ್ಟದಲ್ಲಿ 1901ರ ಜನಗಣತಿ ಎಣಿಸಿದ್ದು ಸುಮಾರು 7,600 ಜನರನ್ನು.

2001ರಲ್ಲಿ ಈ ಸಂಖ್ಯೆ 41,105. 2011ರಲ್ಲಿ 51,159. ಹತ್ತು ವರ್ಷದಲ್ಲಿ ಹೆಚ್ಚಿದ್ದು ಸುಮಾರು ಶೇ. 24, ಅದೇ ಅವಧಿಯಲ್ಲಿ ರಾಜ್ಯದ ಬೆಳವಣಿಗೆ ಶೇ. 15.6. ನೆರೆಯ ಊರುಗಳ ಜೊತೆ ಹೋಲಿಸಿ: 2011ರಲ್ಲಿ ಚಿಂತಾಮಣಿಯಲ್ಲಿ 76,068, ಚಿಕ್ಕಬಳ್ಳಾಪುರದಲ್ಲಿ 63,652, ಗೌರಿಬಿದನೂರಿನಲ್ಲಿ 37,947 ಜನ. ಚಿಂತಾಮಣಿ ವ್ಯಾಪಾರದ ಊರು; ಕಡಲೆಕಾಯಿ, ಮಾವು, ಲೇವಾದೇವಿಗಳಿಂದ ಬೆಳೆಯಿತು. ಚಿಕ್ಕಬಳ್ಳಾಪುರಕ್ಕೆ ಹೆದ್ದಾರಿ ಇದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು. ಗೌರಿಬಿದನೂರಿಗೆ ಕಾರ್ಖಾನೆಗಳಿವೆ, ಅದರ ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿ ಊರಿನ ಹೆಸರು ಚರಿತ್ರೆಗೆ ಸೇರಿತು.

ಶಿಡ್ಲಘಟ್ಟಕ್ಕೆ ಜಿಲ್ಲಾ ಕಚೇರಿ ಇಲ್ಲ, ದೊಡ್ಡ ಕಾರ್ಖಾನೆ ಇಲ್ಲ. ಆದರೂ ಅದು ರಾಜ್ಯದ ಸರಾಸರಿಗಿಂತ ವೇಗವಾಗಿ ಬೆಳೆಯಿತು. ಕಾರಣ ಒಂದೇ: ಇಲ್ಲಿ ಬಡವನಿಗೆ ಕೆಲಸ ಸಿಗುತ್ತಿತ್ತು. ಜಮೀನಿಲ್ಲದವನಿಗೆ, ಓದಿಲ್ಲದವನಿಗೆ, ಗಂಡ ತೀರಿಕೊಂಡವಳಿಗೆ ಮರುದಿನ ಬೆಳಿಗ್ಗೆಯೇ ಯಾವುದಾದರೂ ಭಟ್ಟಿಯ ಮುಂದೆ ಜಾಗ ಸಿಗುತ್ತಿತ್ತು.

ಮಾರುಕಟ್ಟೆಯ ಎರಡು ಕೈಗಳು

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯದೆ ಊರು ಅರ್ಥವಾಗುವುದಿಲ್ಲ. ಮೊಟ್ಟೆಯೊಡೆದ ಹುಳು ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದು, ಚಂದ್ರಿಕೆ ಹತ್ತಿ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಗೂಡು ಬಿಡಿಸಿದ ಮೇಲೆ ರೈತನಿಗೆ ಸಮಯವಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಹೀಗಾಗಿ ಅವನು ಸಿಕ್ಕ ಬೆಲೆಗೆ ಮಾರಲೇಬೇಕು.

ಮೊದಲು ಗೂಡಿನ ವ್ಯಾಪಾರ ದಲ್ಲಾಳಿಗಳ ಕೈಯಲ್ಲಿತ್ತು. 1959ರಲ್ಲಿ ಈ ವ್ಯಾಪಾರವನ್ನು ನಿಯಂತ್ರಿಸುವ ಕಾಯ್ದೆ ಬಂತು. ಅದರಂತೆ ಸರಕಾರಿ ಗೂಡಿನ ಮಾರುಕಟ್ಟೆಗಳಲ್ಲೇ ಹರಾಜು ನಡೆಯುವ ಪದ್ಧತಿ ಬಲವಾದದ್ದು 1970ರ ದಶಕದ ಕೊನೆಯಲ್ಲಿ. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಶುರುವಾಯಿತು. ಅದೇ ವರ್ಷ ಬಂಗಾಳದ ಕಡೆಯಿಂದ ಉಜಿ ನೊಣವೂ ರಾಜ್ಯಕ್ಕೆ ಬಂದು ರೈತರನ್ನು ಕಾಡಿತು. ಹುಳು ಕೊಟ್ಟ ನಾಡೇ ಅದರ ಶತ್ರುವನ್ನೂ ಕಳಿಸಿತು ಎಂದು ಹಿರಿಯರು ನಗುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆ ಬೆಳೆದು ರಾಮನಗರದ ಜೊತೆ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳ ಸಾಲಿನಲ್ಲಿ ನಿಂತಿತು.

ಈ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬೇಕು. ಗೂಡು ತರುವವರು ಸುತ್ತಲ ಹಳ್ಳಿಗಳ ಒಕ್ಕಲಿಗರು, ಬಲಿಜರು, ಕುರುಬರು, ದಲಿತರು. ಹುಳು ಸಾಕಣೆ ಈಗ ಎಲ್ಲ ಜಾತಿಗಳ ರೈತರ ಕಸುಬು. ಕೊಳ್ಳುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು. ಹರಾಜಿನ ಗದ್ದಲದಲ್ಲಿ ತೆಲುಗು, ಕನ್ನಡ, ದಖ್ಖನಿ ಮೂರೂ ಬೆರೆತಿರುತ್ತವೆ. ತೆಲುಗಿನಲ್ಲಿ ಕೇಳಿದ ಬೆಲೆಗೆ ದಖ್ಖನಿಯಲ್ಲಿ ಉತ್ತರ, ಮಧ್ಯೆ ಕನ್ನಡದಲ್ಲಿ ಬೈಗುಳ. ಈಗ ಇ-ಹರಾಜು ಬಂದು ಬೆಲೆ ಮೊಬೈಲಿನಲ್ಲಿ ಏರುತ್ತದೆ. ಆದರೂ ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಯಾರೂ ಕೊಳ್ಳುವುದಿಲ್ಲ.

ರೀಲರ್ ಎಂದೊಡನೆ ಹೊರಗಿನವರು ಸಾಹುಕಾರನನ್ನು ಕಲ್ಪಿಸಿಕೊಳ್ಳುತ್ತಾರೆ. ದೊಡ್ಡವರು ಇದ್ದಾರೆ, ನಿಜ. ಆದರೆ ನಾಲ್ಕಾರು ಬೇಸಿನ್ನುಗಳ ಸಣ್ಣ ರೀಲರುಗಳೇ ಹೆಚ್ಚು. ಗೂಡಿಗೆ ಅವನು ಅಂದೇ ಹಣ ಕಟ್ಟಬೇಕು. ಏಳೆಂಟು ಕಿಲೋ ಮಿಶ್ರತಳಿ ಗೂಡು ಬಿಚ್ಚಿದರೆ ಒಂದು ಕಿಲೋ ನೂಲು. ಆ ನೂಲು ಮಾರಿ ಹಣ ಕೈಗೆ ಬರುವಷ್ಟರಲ್ಲಿ ಬೆಲೆ ಬಿದ್ದರೆ ನಷ್ಟ ಪೂರ್ತಿ ಅವನದೇ. ಮುಸ್ಲಿಮರಿಗೆ ಬ್ಯಾಂಕಿನ ಸಾಲ ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಕಡಿಮೆ ಸಿಗುತ್ತಿದೆ ಎಂದು 2006ರ ಸಾಚಾರ್ ಸಮಿತಿ ವರದಿ ತೋರಿಸಿತು. ಬ್ಯಾಂಕಿಗೆ ಹೋಗಲಾಗದವನು ಎಲ್ಲಿಗೆ ಹೋಗುತ್ತಾನೆ? ದಿನಬಡ್ಡಿಯವನ ಹತ್ತಿರ. ಬಡ್ಡಿ ಹರಾಮ್ ಎಂದು ಜುಮಾದ ದಿನ ಕೇಳಿ ಬಂದವನು ಶನಿವಾರದ ಹರಾಜಿಗೆ ಬಡ್ಡಿಗೇ ಕೈ ಚಾಚುವುದನ್ನು ನಾವು ಬಲ್ಲೆವು. ಅವನನ್ನು ದೂರುವ ಮೊದಲು, ಬಡ್ಡಿಯಿಲ್ಲದ ಒಂದು ಸಣ್ಣ ನಿಧಿಯನ್ನಾದರೂ ನಾವು ಅವನ ಬೀದಿಯಲ್ಲಿ ಕಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಚೀನಾದ ನೂಲು ಒಳಬಂತು. ಗೂಡಿನ ಬೆಲೆ ಕುಸಿಯಿತು. ಆಗ ಬೀದಿಗೆ ಇಳಿದ ರೈತನ ಕಷ್ಟವೂ ರೀಲರಿನ ಕಷ್ಟವೂ ಒಂದೇ ಆಗಿತ್ತು. 2022ರಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಾವು ಮಾರಬೇಡಿ, ಅವರಿಂದ ಕೊಳ್ಳಬೇಡಿ ಎಂಬ ಕರೆಗಳು ರಾಜ್ಯದಲ್ಲಿ ಕೇಳಿಬಂದವು. ಅಂಥ ಕರೆ ಕೊಡುವವರು ಒಮ್ಮೆ ಈ ಮಾರುಕಟ್ಟೆಗೆ ಬರಬೇಕು. ಇಲ್ಲಿ ಒಬ್ಬ ಕೊಳ್ಳದಿದ್ದರೆ ಇನ್ನೊಬ್ಬನ ಗೂಡು ತೂತಾಗುತ್ತದೆ. ಒಬ್ಬ ಮಾರದಿದ್ದರೆ ಇನ್ನೊಬ್ಬನ ಭಟ್ಟಿ ಆರುತ್ತದೆ. ಸೌಹಾರ್ದದ ಮೇಲೆ ನಾವು ಮಾಡುವ ಭಾಷಣಗಳಿಗಿಂತ ಈ ಲೆಕ್ಕ ಗಟ್ಟಿ.

ಬಿಸಿನೀರಿನ ಮುಂದೆ ಕುಳಿತವರು

ಆದರೆ ಈ ಮಾರುಕಟ್ಟೆಗೆ ಬಾರದ ಮೂರನೆಯ ಕೈ ಒಂದಿದೆ. ಕೊಂಡು ತಂದ ಗೂಡನ್ನು ಕುದಿಸಿ, ಅದರ ತುದಿ ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುವುದು ಹೆಚ್ಚಾಗಿ ಹೆಂಗಸರ ಕೆಲಸ. ಎಳೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು. ಆ ಬೆರಳು ದಿನವಿಡೀ ಬಿಸಿನೀರಿನಲ್ಲಿ ಮುಳುಗಿರುತ್ತದೆ. ಚರ್ಮ ಸುಲಿಯುತ್ತದೆ. ಹಬೆ ಮತ್ತು ಹೊಗೆ ಎದೆಗೆ ಇಳಿಯುತ್ತವೆ. ನಲವತ್ತು ದಾಟುವ ಹೊತ್ತಿಗೆ ಕೆಮ್ಮು ಜೊತೆಗಾರನಾಗುತ್ತದೆ.

ಮಕ್ಕಳೂ ಇದ್ದರು. ರೇಷ್ಮೆ ಉದ್ಯಮದ ಜೀತದ ಬಾಲಕಾರ್ಮಿಕರ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇತ್ತು. ಅದನ್ನು ಓದಿ ನಮ್ಮವರಲ್ಲಿ ಕೆಲವರಿಗೆ ಕೋಪ ಬಂತು, ನಮ್ಮ ಕಸುಬಿಗೆ ಕೆಟ್ಟ ಹೆಸರು ತರುತ್ತಾರೆ ಎಂದರು. ಆದರೆ ಖಾಲಾಳ ಮನೆಯ ಚಪ್ಪರದಡಿ ನನ್ನ ವಯಸ್ಸಿನವರೇ ಇಬ್ಬರು ಹುಡುಗಿಯರು ರಾಟೆಯ ಹತ್ತಿರ ನಿಂತಿರುತ್ತಿದ್ದುದು ನನಗೆ ನೆನಪಿದೆ. ನಾನು ರಜೆ ಮುಗಿಸಿ ಶಾಲೆಗೆ ಮರಳಿದೆ, ಉರ್ದುವಿನ ಜೊತೆ ಕನ್ನಡ ಕಲಿತೆ, ಕತೆ ಬರೆದೆ. ಅವರಿಗೆ ರಜೆಯೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಇಂದು ಮಕ್ಕಳನ್ನು ದುಡಿಸುವುದು ಬಹಳ ಕಡಿಮೆಯಾಗಿದೆ, ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದಾರೆ. ಅದು ಸಂತೋಷದ ಮಾತು. ಆದರೆ ಹೋದ ತಲೆಮಾರಿನ ಆ ಹುಡುಗಿಯರ ಕಳೆದ ಬಾಲ್ಯವನ್ನು ಊರಿನ ಇತಿಹಾಸದಿಂದ ಅಳಿಸಲಾಗದು.

ಜನಗಣತಿಯಲ್ಲಿ ದುಡಿಯುವವರನ್ನು ನಾಲ್ಕು ಬಗೆಯಾಗಿ ಎಣಿಸುತ್ತಾ ಬಂದಿದ್ದಾರೆ: ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಇತರರು. ಪಟ್ಟಣದಲ್ಲಿ ಮನೆಯ ಆವರಣದಲ್ಲೇ ಮನೆಯವರು ಸೇರಿ ನಡೆಸುವ ಉದ್ಯೋಗ ಮನೆ ಕೈಗಾರಿಕೆಗೆ ಸೇರುತ್ತದೆ. ವರ್ಷದಲ್ಲಿ ಆರು ತಿಂಗಳು ದುಡಿದರೆ ಮುಖ್ಯ ಕೆಲಸಗಾರ, ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರ. ಅಂದರೆ ಖಾಲಾಳನ್ನು ಎಣಿಸಲು ಫಾರಂನಲ್ಲಿ ಜಾಗವಿತ್ತು. ಜಾಗ ಇಲ್ಲದಿದ್ದುದು ನಮ್ಮ ಬಾಯಲ್ಲಿ. ಮನೆಯ ಹೆಂಗಸು ದುಡಿಯುತ್ತಾಳೆ ಎನ್ನುವುದು ಗಂಡಸಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಹಜ್ರತ್ ಖದೀಜಾ ವ್ಯಾಪಾರ ನಡೆಸಿದ್ದನ್ನು ಹೆಮ್ಮೆಯಿಂದ ಹೇಳುವ ನಾವು ನಮ್ಮದೇ ಹಿತ್ತಲಿನ ದುಡಿಮೆಯನ್ನು ಮುಚ್ಚಿಟ್ಟೆವು. ಎಣಿಕೆಗೆ ಬಾರದ ಕೆಲಸಗಾರಳಿಗೆ ಆರೋಗ್ಯ ಯೋಜನೆಯೂ ತಲುಪುವುದಿಲ್ಲ, ಪಿಂಚಣಿಯೂ ತಲುಪುವುದಿಲ್ಲ. ಮರ್ಯಾದೆಯ ಬೆಲೆಯನ್ನು ಕೊಟ್ಟವಳು ಅವಳೇ.

ಮುಂದಿನ ಎಣಿಕೆ

ಊರು ಈಗ ಬದಲಾಗುತ್ತಿದೆ. ಕೋಟಿ ದಾಟುವ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಹತ್ತಾರು ಕೈಗಳ ಕೆಲಸವನ್ನು ಕೆಲವೇ ಜನ ಮಾಡುತ್ತಾರೆ. ನೂಲಿನ ಗುಣ ಒಳ್ಳೆಯದು, ಎದೆಗೆ ಹೊಗೆ ಕಡಿಮೆ. ಆದರೆ ಸಣ್ಣ ರೀಲರನಿಗೆ ಅದು ಎಟುಕದ ಮಾತು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ; ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಯುವಕರು ಬೆಳಗಿನ ಬಸ್ಸಿಗೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಭಟ್ಟಿ ಬಿಟ್ಟವರು ಆಟೋ ಓಡಿಸುತ್ತಾರೆ, ಮೊಬೈಲ್ ರಿಪೇರಿ ಮಾಡುತ್ತಾರೆ. ಇನ್ನೊಂದು ತಲೆಮಾರು ಕಳೆದರೆ ಚರಕ, ಕಾಟೇಜ್ ಬೇಸಿನ್ ಎಂಬ ಶಬ್ದಗಳಿಗೆ ಅರ್ಥ ಹೇಳುವವರು ಸಿಗಲಾರರು. ಬರೆದಿಡಬೇಕಾದದ್ದು ಈಗಲೇ. ಊರಿನ ಶಾಲೆಗಳ ಉಪಾಧ್ಯಾಯರು ಮಕ್ಕಳ ಕೈಯಲ್ಲಿ ಒಂದೊಂದು ನೋಟ್‌ಬುಕ್ ಕೊಟ್ಟು ಅಜ್ಜಿಯರ ಮಾತನ್ನು ಬರೆಸಿದರೂ ಸಾಕು. ಗೆಜೆಟಿಯರಿನ ನಾಲ್ಕು ಸಾಲಿಗಿಂತ ಅದು ದೊಡ್ಡ ಇತಿಹಾಸವಾದೀತು.

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಅದನ್ನು 2027ಕ್ಕೆ ನಿಗದಿ ಮಾಡಿದ್ದಾರೆ. ಎಣಿಕೆಯವರು ಶಿಡ್ಲಘಟ್ಟದ ಗಲ್ಲಿಗಳಿಗೂ ಬರುತ್ತಾರೆ. ‘ಹೆಂಗಸರು ಏನು ಕೆಲಸ ಮಾಡುತ್ತಾರೆ?’ ಎಂಬ ಪ್ರಶ್ನೆ ಮತ್ತೆ ಬರುತ್ತದೆ. ಆಗ ಬಾಗಿಲಲ್ಲಿ ನಿಂತ ಗಂಡಸರು ಪಕ್ಕಕ್ಕೆ ಸರಿದು, ಒಳಗಿರುವವರನ್ನೇ ಉತ್ತರಿಸಲು ಕರೆದರೆ ಒಳ್ಳೆಯದು.

ಖಾಲಾ ಈಗಿಲ್ಲ. ಅವರ ಸೊಸೆ ಪಕ್ಕದ ಬೀದಿಯ ಘಟಕವೊಂದರಲ್ಲಿ ನೂಲು ಸುತ್ತುತ್ತಾಳೆ. ಕಳೆದ ಬಾರಿ ಹೋದಾಗ ಈ ಮಾತು ಹೇಳಿದೆ. ಅವಳು ನಕ್ಕು, ‘ಭಯ್ಯಾ, ಅವರು ಬರುವ ಹೊತ್ತಿಗೆ ನಾನು ಕೆಲಸದಲ್ಲಿರುತ್ತೇನಲ್ಲ’ ಅಂದಳು.